ಮೂರನೆಯ ಸಂತ

ಮನೆಯಲ್ಲಿ ನಾನು ಮೂರನೆಯವನು. ದೊಡ್ಡಣ್ಣನ ಅಂಗಿ ಚಿಕ್ಕಣ್ಣನ ಮೈದಾಟಿ ನನ್ನ ಮೈಗೆ ಬರುವಷ್ಟರಲ್ಲಿ ಅದರಲ್ಲಿ ಗುಂಡಿಗಿಂತ ಪಿನ್ನುಗಳೇ ಹೆಚ್ಚಿರುತ್ತಿದ್ದವು. ಶಾಲೆಯ ಓಟದಲ್ಲೂ ಒಮ್ಮೆ ಮೂರನೆಯವನಾಗಿ ಬಂದಿದ್ದೆ. ಓಡಿದವರು ಮೂವರೇ ಎಂಬುದನ್ನು ಅಪ್ಪನಿಗೆ ಹೇಳಲಿಲ್ಲ.

ಇಂಥ ನನಗೆ ಇಟಲಿಯ ಉಂಬ್ರಿಯಾದ ಗುಬ್ಬಿಯೋದಲ್ಲಿ ಒಬ್ಬ ನೆಂಟ ಸಿಕ್ಕ. ನೆಂಟ ಅಂದರೆ ಸಂತ.

ಇಂಜಿನೋ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡ ಕಲ್ಲಿನ ಊರದು. ಅದರ ದೊಡ್ಡ ಹಬ್ಬ ಪ್ರತಿ ವರ್ಷ ಮೇ 15ಕ್ಕೆ. ನಾನು ಹೋದದ್ದು ಅಕ್ಟೋಬರಿನಲ್ಲಿ. ತಡವಾಗಿ ತಲುಪುವುದೂ ಕೊನೆಯ ಮಗನ ಆಸ್ತಿಯೇ. ಬೆಟ್ಟ ಹತ್ತಲು ತಂತಿಯ ಮೇಲೆ ತೂಗುವ ಕಬ್ಬಿಣದ ಪಂಜರಗಳಿವೆ. ನಿಲ್ಲದೆ ಬರುವ ಪಂಜರದೊಳಕ್ಕೆ ಓಡಿ ಹಾರಿಕೊಳ್ಳಬೇಕು, ಬಾಗಿಲಿಗೆ ಚಿಲಕ ಬೀಳುತ್ತದೆ, ಕಾಲಡಿಯಲ್ಲಿ ಮರಗಳ ತಲೆ. ಗುಬ್ಬಿಯೋದಲ್ಲಿ ಪಂಜರ! ಈ ನಗೆಯನ್ನು ಹಂಚಿಕೊಳ್ಳಲು ಅಲ್ಲಿ ಒಬ್ಬ ಕನ್ನಡಿಗನೂ ಇರಲಿಲ್ಲ.

ಮೇಲಿನ ಚರ್ಚಿನಲ್ಲಿ ಊರ ಪೋಷಕ ಸಂತ, ಬಿಷಪ್ ಉಬಾಲ್ದೋ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ತೀರಿಕೊಂಡದ್ದು 1160ರ ಮೇ 16ರಂದು. ಹಬ್ಬ ನಡೆಯುವುದು ಅದರ ಹಿಂದಿನ ದಿನ. ಒಂದು ಪಕ್ಕದಲ್ಲಿ ಮೂರು 'ಚೇರಿ'ಗಳು ನಿಂತಿದ್ದವು. ಚೇರಿ ಎಂದರೆ ಮೇಣದ ಬತ್ತಿಗಳು; ಈಗ ಮೇಣದ ತೊಟ್ಟೂ ಇಲ್ಲ, ಬರೀ ಮರ. ಎಂಟು ಮೂಲೆಯ ಎರಡು ಕಟ್ಟಡ ಒಂದರ ಮೇಲೊಂದು ಕೂತಂತೆ, ನಾಲ್ಕೈದು ಮೀಟರ್ ಎತ್ತರ, ಹೆಚ್ಚುಕಮ್ಮಿ 300 ಕಿಲೋ ತೂಕ. ಹಬ್ಬದ ದಿನ ತುದಿಯಲ್ಲಿ ಒಂದೊಂದು ಪುಟ್ಟ ಮೂರ್ತಿ: ಗಾರೆಯವರ ಉಬಾಲ್ದೋ, ವ್ಯಾಪಾರಿಗಳ ಜಾರ್ಜ್, ರೈತರ ಆಂತೋನಿಯೋ. ಹೊರುವವರಿಗೆ ಕ್ರಮವಾಗಿ ಹಳದಿ, ನೀಲಿ, ಕಪ್ಪು ಅಂಗಿಗಳು.

ಅಂದು ಮಧ್ಯಾಹ್ನ ಊರ ಚೌಕದಲ್ಲಿ ಚೇರಿಗಳನ್ನು ಎತ್ತಿ ನಿಲ್ಲಿಸುವ ಮುನ್ನ ಅವುಗಳ ಬುಡಕ್ಕೆ ಹೂಜಿಯ ನೀರು ಸುರಿದು, ಹೂಜಿಯನ್ನೇ ಜನರತ್ತ ಎಸೆಯುತ್ತಾರೆ. ಚೂರು ಸಿಕ್ಕವನಿಗೆ ಅದೃಷ್ಟ. ಸಿಗದವನಿಗೆ ತರಚುಗಾಯವಂತೂ ಖಾತ್ರಿ. ಸಂಜೆ ಆ ಭಾರ ಹೊತ್ತು ಸಂದುಗೊಂದುಗಳಲ್ಲಿ ಓಡಿ, ಕೊನೆಗೆ ಬೆಟ್ಟವನ್ನೇ ಏರಬೇಕು. ಓಡುತ್ತಲೇ ಹೆಗಲು ಬದಲಿಸುವವರ ದಂಡೇ ದಾರಿಯುದ್ದಕ್ಕೂ ಕಾದಿರುತ್ತದೆ.

ಪಂದ್ಯವೇನೋ ಸರಿ, ಆದರೆ ಹಿಂದಿಕ್ಕುವಂತಿಲ್ಲ! ಉಬಾಲ್ದೋ ಮೊದಲು, ಜಾರ್ಜ್ ಎರಡನೆಯವನು, ಆಂತೋನಿಯೋ ಮೂರನೆಯವನು. ಪ್ರತಿ ವರ್ಷವೂ ಅಷ್ಟೇ. ಹಾಗಾದರೆ ಓಡುವುದೇಕೆ? ಬೀಳದಿರಲು, ನಡುವೆ ಅಂತರ ಬಿಡದಿರಲು. ಮೇಲೆ ಮುಟ್ಟಿದ ಉಬಾಲ್ದೋ ಬಳಗದವರು ಹಿಂದಿನವರು ಒಳನುಗ್ಗುವ ಮುನ್ನ ಬಾಗಿಲು ಮುಚ್ಚಲು ಹವಣಿಸುತ್ತಾರೆ. ಹಿರಿಯಣ್ಣಂದಿರ ಈ ಬುದ್ಧಿ ನನಗೆ ಹೊಸದೇನಲ್ಲ.

ಕೆಳಗಿಳಿದಾಗ ಬೆಂಚಿನ ಮೇಲಿದ್ದ ಮುದುಕರೊಬ್ಬರನ್ನು ಹರಕುಮುರುಕು ಇಟಾಲಿಯನ್ನಿನಲ್ಲಿ ಕೇಳಿದೆ, ನೀವು ಯಾರ ಕಡೆ? "ಸಾಂತ್ ಆಂತೋನಿಯೋ," ಎಂದರು, ಎದೆ ತಟ್ಟಿ. ಗೆದ್ದವನ ಗತ್ತು ಆ ದನಿಯಲ್ಲಿ. ಅಪ್ಪನೂ ಅದೇ ಕಡೆ, ಮೊಮ್ಮಗನೂ ಅದೇ ಕಡೆಯಂತೆ. ಜೂನ್ 2ಕ್ಕೆ ಮಕ್ಕಳು ಪುಟ್ಟ ಚೇರಿ ಹೊತ್ತು ಓಡುತ್ತಾರಲ್ಲ, ಅಲ್ಲೇ ಮೊಮ್ಮಗನ ಹೆಗಲು ಪಳಗಿದ್ದು. ಮೂರನೆಯವನಾಗುವುದನ್ನು ಇಷ್ಟು ಶ್ರದ್ಧೆಯಿಂದ ಕಲಿಸಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಚೌಕದ ಕನ್ಸುಲರ ಅರಮನೆಯಲ್ಲಿ ಏಳು ಕಂಚಿನ ಫಲಕಗಳಿವೆ, ಕ್ರಿಸ್ತಪೂರ್ವದವು. ಸತ್ತುಹೋದ ಉಂಬ್ರಿಯನ್ ಭಾಷೆಯಲ್ಲಿ ಊರಿನ ಶುದ್ಧೀಕರಣದ ವಿಧಿ ಬರೆದಿದೆ: ಮೂರು ಬಾಗಿಲು, ಒಂದೊಂದರ ಮುಂದೆಯೂ ಬಲಿ. ಇಂದಿನ ಓಟಕ್ಕೂ ಅದಕ್ಕೂ ಕೆಲವರು ನಂಟು ಕಟ್ಟುತ್ತಾರೆ. ಇತಿಹಾಸಕಾರರು ಜಗಳವಾಡಿಕೊಳ್ಳಲಿ, ನನ್ನ ಕಣ್ಣು ಮಾತ್ರ 'ಮೂರು' ಎಂಬಲ್ಲಿ ನಿಂತಿತು.

ಹೊರಡುವ ಮುನ್ನ ಹುಚ್ಚರ ಕಾರಂಜಿಗೆ ಹೋದೆ. ಊರವನೊಬ್ಬ ನೀರೆರಚುತ್ತಿರಲು ಅದರ ಸುತ್ತ ಮೂರು ಸುತ್ತು ಓಡಿದರೆ ಗುಬ್ಬಿಯೋದ ಹುಚ್ಚನೆಂಬ ಪರವಾನಗಿ ಕೊಡುತ್ತಾರೆ. ಬೆಂಚಿನ ಆ ಮುದುಕರೇ ನೀರೆರಚಿದರು. ಎರಡನೆಯ ಸುತ್ತಿಗೆ ಮಂಡಿ ಗೊಣಗಿತು, ಮೂರನೆಯದಕ್ಕೆ ಕೂಗಿತು. ಪಕ್ಕದಲ್ಲಿ ಹಿಂದಿಕ್ಕಲು ಯಾರೂ ಇರಲಿಲ್ಲ.

ಪರವಾನಗಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಮೊನ್ನೆ ಬಂದಿದ್ದ ದೊಡ್ಡಣ್ಣ ಕನ್ನಡಕ ಏರಿಸಿ ನೋಡಿ ಕೇಳಿದ: "ಇದಕ್ಕೆ ಇಟಲಿಯವರೆಗೂ ಹೋಗಬೇಕಿತ್ತೇನೋ? ನಾವೇ ಬರೆದುಕೊಡುತ್ತಿದ್ದೆವಲ್ಲ!"