ಗಂಟೆ ಎಷ್ಟಪ್ಪಾ, ಕಂಪ್ಯೂಟರ್?

ವಿಂಡೋಸ್‌ನಲ್ಲಿ ಪ್ರೋಗ್ರಾಮ್ ಬರೆಯೋರಿಗೆ ಗೆಟ್‌ಸಿಸ್ಟಮ್‌ಟೈಮ್‌ಆಸ್‌ಫೈಲ್‌ಟೈಮ್ ಅನ್ನೋ ಮಾರುದ್ದ ಹೆಸರಿನ ಫಂಕ್ಷನ್ ಗೊತ್ತಿರುತ್ತೆ. ಗಂಟೆ ಎಷ್ಟು ಅಂತ ಕೇಳಿದರೆ, 1601ರ ಜನವರಿ 1ರಿಂದ ಇಲ್ಲಿಯವರೆಗಿನ ಲೆಕ್ಕವನ್ನು 100 ನ್ಯಾನೋಸೆಕೆಂಡುಗಳಲ್ಲಿ ಒಪ್ಪಿಸುತ್ತೆ. ಅಷ್ಟುದ್ದದ ಅಂಕಿ ನೋಡಿದರೆ ಎಂಥಾ ಕರಾರುವಾಕ್ಕು ಅನ್ನಿಸಬೇಕು!

ಅದನ್ನೇ ಲೂಪ್ ಹಾಕಿ ಸಾವಿರಾರು ಸಲ ಕೇಳಿ ನೋಡಿ. ಅದೇ ಉತ್ತರ, ಮತ್ತೆ ಅದೇ ಉತ್ತರ... ಆಮೇಲೆ ಇದ್ದಕ್ಕಿದ್ದಂತೆ 15.6 ಮಿಲಿಸೆಕೆಂಡ್ ಮುಂದಕ್ಕೆ ನೆಗೆತ. ಹಳೇ ರೈಲ್ವೆ ಸ್ಟೇಷನ್ ಗಡಿಯಾರದ ನಿಮಿಷದ ಮುಳ್ಳಿನ ಥರ. ಮಾಮೂಲಾಗಿ ಸೆಕೆಂಡಿಗೆ 64 ಸಲ ಟೈಮರ್ ಇಂಟರಪ್ಟ್ ಬರುತ್ತೆ, ಆಗ ಮಾತ್ರ ಈ ಗಡಿಯಾರ ಮುಂದಕ್ಕೆ ಹೋಗೋದು.

ಇದೇನು ದೊಡ್ಡ ವಿಷಯ ಅಂತೀರಾ? ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಅಪ್ರೈಸಲ್‌ಗೇ ಇದು ಬಂದು ಕೂತಿತ್ತು. ಅವಳು ಬರೆದ ಫಂಕ್ಷನ್ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೆದ ಎಕ್ಸೆಲ್ ಶೀಟಿನಲ್ಲಿ ಸಾಲಾಗಿ ಸೊನ್ನೆ, ನಡುನಡುವೆ 15.6. ‘ಕೋಡ್ ಸ್ಟೇಬಲ್ ಇಲ್ಲ’ ಅಂತ ಮ್ಯಾನೇಜರ್ ಷರಾ ಬರೆದುಬಿಟ್ಟಿದ್ದರು. ಪಾಪ, ಮೂರು ದಿನದಿಂದ ತನ್ನ ಕೋಡಿನಲ್ಲೇ ತಪ್ಪು ಹುಡುಕುತ್ತಾ ಕೂತಿದ್ದಳು.

ನಾನು ಶೀಟ್ ನೋಡಿ ಎಣಿಸಿದೆ. ಹೆಚ್ಚುಕಮ್ಮಿ ಎಂಟಕ್ಕೊಂದು ಸಲ 15.6. ಅಂದರೆ ಫಂಕ್ಷನ್ನಿಗೆ ಹಿಡಿಯೋದು ಸುಮಾರು 2 ಮಿಲಿಸೆಕೆಂಡ್. ಆ ಎರಡರ ಮಧ್ಯೆ ಮುಳ್ಳು ನೆಗೆದರೆ 15.6, ಇಲ್ಲದಿದ್ದರೆ ಸೊನ್ನೆ! ಕ್ವೆರಿಪರ್ಫಾರ್ಮೆನ್ಸ್‌ಕೌಂಟರ್ ಹಾಕಿ ಅಳೆದಾಗ ಪ್ರತಿ ಸಲವೂ 2ರ ಆಸುಪಾಸೇ ಬಂತು. ಮ್ಯಾನೇಜರ್ ಷರಾ ಅಳಿಸಿದರು. ಸಾರಿ ಮಾತ್ರ ಹೇಳಲಿಲ್ಲ :)

2012ರಲ್ಲಿ ವಿಂಡೋಸ್ 8ರ ಜೊತೆ ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆಸ್‌ಫೈಲ್‌ಟೈಮ್ ಅಂತ ಇನ್ನೂ ಉದ್ದದ ಹೆಸರಿನದು ಬಂತು. ಇದು ಮೈಕ್ರೋಸೆಕೆಂಡಿಗೂ ಸೂಕ್ಷ್ಮ. ಲಾಗ್ ಬರೆಯೋಕೆ ಬಹಳ ಒಳ್ಳೇದು. ಆದರೆ ‘ಎಷ್ಟು ಹೊತ್ತು ಆಯ್ತು’ ಅಂತ ಅಳೆಯೋಕೆ ಇದೂ ಬೇಡ. ಗೋಡೆ ಗಡಿಯಾರವನ್ನು ಯಾರಾದರೂ ಹಿಂದೆ ಮುಂದೆ ತಿರುಗಿಸಬಹುದಲ್ಲ? 2017ರ ಜನವರಿ 1ರಂದು, ನಮ್ಮಲ್ಲಿ ಬೆಳಗಿನ ಜಾವ ಐದೂವರೆಗೆ, ಜಗತ್ತಿನ ಗಡಿಯಾರಕ್ಕೆ ಒಂದು ಲೀಪ್ ಸೆಕೆಂಡ್ ಸೇರಿಸಿದರು. ಕ್ಲೌಡ್‌ಫ್ಲೇರ್‌ನ ಗೋ ಭಾಷೆಯ ಡಿಎನ್ಎಸ್ ಪ್ರೋಗ್ರಾಮು ಮುಗಿದ ಹೊತ್ತಿನಿಂದ ಶುರುವಾದ ಹೊತ್ತನ್ನು ಕಳೆದರೆ ಬಂದದ್ದು ಮೈನಸ್! ಮುಂದಿನ ಲೆಕ್ಕಕ್ಕೆ ಮೈನಸ್ ಅಂಕಿ ಹೋಗಿ ಪ್ರೋಗ್ರಾಮು ಪ್ಯಾನಿಕ್ ಆಯ್ತು. ಅದೇ ವರ್ಷ ಬಂದ ಗೋ 1.9ರಲ್ಲಿ, ಹಿಂದಕ್ಕೆ ಹೋಗದ ಮಾನೋಟಾನಿಕ್ ಗಡಿಯಾರವನ್ನೂ ಜೊತೆಗೆ ಕೊಟ್ಟರು. ಲಿನಕ್ಸ್‌ನವರು ಕ್ಲಾಕ್‌ಗೆಟ್‌ಟೈಮ್‌ನಲ್ಲಿ ಇವೆರಡನ್ನೂ ಮೊದಲೇ ಬೇರೆಬೇರೆ ಇಟ್ಟಿದ್ದರು, ಜಾಣರು.

ಅಂದಹಾಗೆ, ನೀವೂ ಲೂಪ್ ಬರೆದು ನೋಡೋದಾದರೆ ಬ್ರೌಸರು, ಹಾಡು, ವಿಡಿಯೋ ಎಲ್ಲಾ ಮುಚ್ಚಿ ನೋಡಿ. ಅವು ಟೈಮರನ್ನು ಚುರುಕು ಮಾಡಿಬಿಟ್ಟಿದ್ದರೆ 15.6ರ ಬದಲು 1 ಮಿಲಿಸೆಕೆಂಡ್ ಕಾಣಿಸಬಹುದು.