ಮಣಿಪಾಲದ ಗುಡ್ಡದ ಮೇಲೆ ಎಮಿಲ್

ಉಡುಪಿಯಿಂದ ಪೂರ್ವಕ್ಕೆ ಹೊರಟು, ಇಂದ್ರಾಳಿಯ ರೈಲು ನಿಲ್ದಾಣವನ್ನು ಹಿಂದೆ ಬಿಟ್ಟು ಏರು ಹತ್ತಿದರೆ ಮಣಿಪಾಲ. ಮಣ್ಣಪಳ್ಳವೆಂಬ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆನ್ನುತ್ತಾರೆ. ಮುರಕಲ್ಲಿನ ಈ ಬೋಳುಗುಡ್ಡದ ನೆತ್ತಿಯ ಮೇಲೆ ಇಂದು ಕಾಲೇಜುಗಳೂ ಹಾಸ್ಟೆಲುಗಳೂ ಕಿಕ್ಕಿರಿದಿವೆ. ದೂರದೂರುಗಳಿಂದ ಪೆಟ್ಟಿಗೆ ಹೊತ್ತು ಬರುವ ವಿದ್ಯಾರ್ಥಿಗಳಿಗೆ ತಾಯಂದಿರು ಹೇಳಿ ಕಳುಹಿಸುವ ಮಾತು ಒಂದೇ: “ರೈಲಿನಲ್ಲಿ ಮೈಮರೆಯಬೇಡ, ದುಡ್ಡು ಜೋಪಾನ!”

ಜರ್ಮನಿಯ ಬಾಲಕ ಎಮಿಲನಿಗೂ ಅವನ ತಾಯಿ ಇಂಥದೇ ಬುದ್ಧಿಮಾತು ಹೇಳಿದ್ದಳು. ಎರಿಕ್ ಕೆಸ್ಟ್ನರನ ‘ಎಮಿಲ್ ಮತ್ತು ಪತ್ತೇದಾರರು’ 1929ರ ಕಾದಂಬರಿ. ಬರ್ಲಿನ್ನಿಗೆ ಹೊರಟ ಹುಡುಗ ರೈಲಿನಲ್ಲಿ ನಿದ್ದೆಹೋಗುತ್ತಾನೆ. ಎದುರು ಕುಳಿತಿದ್ದ ಟೊಪ್ಪಿಗೆಯ ಮನುಷ್ಯ ಹಣದೊಡನೆ ಮಾಯವಾಗುತ್ತಾನೆ. ಪೊಲೀಸರ ಬಳಿಗೆ ಹೋಗಲು ಹುಡುಗನಿಗೆ ಅಂಜಿಕೆ. ತನ್ನೂರಿನ ಪ್ರತಿಮೆಯೊಂದಕ್ಕೆ ಕೆಂಪು ಮೂಗೂ ಮೀಸೆಯೂ ಬರೆದು ಬಂದವನವನು! ಬರ್ಲಿನ್ನಿನ ಹುಡುಗರ ದಂಡೊಂದು ಕಳ್ಳನ ಬೆನ್ನು ಹತ್ತುತ್ತದೆ. ಹತ್ತು ವರ್ಷದ ವಾಚಕನಿಗೆ ಇಷ್ಟು ಸಾಕು.

ಆದರೆ ಮಕ್ಕಳಿಗೆಂದು ಕೊಂಡ ಈ ಪುಸ್ತಕವನ್ನು ಮೂವತ್ತು ದಾಟಿದ ಗೃಹಸ್ಥನೊಬ್ಬ ಎಂಡ್ ಪಾಯಿಂಟಿನ ಅಂಚಿನಲ್ಲಿ, ಸ್ವರ್ಣಾ ನದಿಯನ್ನು ಕೆಳಗೆ ನೋಡುತ್ತ, ಮೊದಲ ಬಾರಿಗೆ ತೆರೆದನೆನ್ನಿ. ಅವನ ಕಣ್ಣು ಬೇರೆಡೆ ನಿಲ್ಲುತ್ತದೆ. ಕಳ್ಳ ಯಾರೆಂಬುದರಲ್ಲಿ ರಹಸ್ಯವೇ ಇಲ್ಲ. ಹೋದದ್ದು 140 ಮಾರ್ಕು; ಅಜ್ಜಿಗೆ 120, ಹುಡುಗನ ಖರ್ಚಿಗೆ 20. ವಿಧವೆಯಾದ ತಾಯಿ ಮನೆಯಲ್ಲೇ ಹೆಂಗಸರ ಕೂದಲು ತೊಳೆದು, ಸಿಂಗರಿಸಿ ಕೂಡಿಟ್ಟ ಹಣವದು. ಕೆಸ್ಟ್ನರನ ಸ್ವಂತ ತಾಯಿಯೂ ಡ್ರೆಸ್ಡೆನ್ನಿನಲ್ಲಿ ಅದೇ ಕಸುಬಿನವಳು. ಆದುದರಿಂದಲೇ ಮೊತ್ತವನ್ನು ಅವನು ಅಷ್ಟು ಖಚಿತವಾಗಿ ಬರೆದಿರಬೇಕು.

ಇಂಥ ಲೆಕ್ಕ ಮಣಿಪಾಲಕ್ಕೆ ಹೊಸತಲ್ಲ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಪಡೆಯುತ್ತಿದ್ದ. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ಅದರ ಪ್ರಧಾನ ಕಚೇರಿ ಇದೇ ಗುಡ್ಡದ ಮೇಲಿತ್ತು. ಎರಡಾಣೆ ಕಟ್ಟಿದವರ ಮೊಮ್ಮಕ್ಕಳಿಗೆ 140 ಮಾರ್ಕಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯ ಗಂಟು ಬಿಚ್ಚುವುದೂ ಬ್ಯಾಂಕಿನಲ್ಲೇ. ನೋಟು ಚಿಲ್ಲರೆ ಮಾಡಿಸಲು ಬಂದ ಕಳ್ಳನನ್ನು ಹುಡುಗರು ಸುತ್ತುವರಿಯುತ್ತಾರೆ. ಹಣ ಎಮಿಲನದೇ ಎಂಬುದಕ್ಕೆ ಸಾಕ್ಷಿ? ಕಳೆದುಹೋದೀತೆಂದು ಅವನು ನೋಟುಗಳನ್ನು ಅಂಗಿಯ ಒಳಮೈಗೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದ. ಬೆಳಕಿಗೆ ಹಿಡಿದರೆ ನೋಟುಗಳಲ್ಲಿ ಸಣ್ಣ ತೂತುಗಳು! ಬಾಲಕ ಇಲ್ಲಿ ಚಪ್ಪಾಳೆ ತಟ್ಟುತ್ತಾನೆ. ಗೃಹಸ್ಥನಿಗೆ ಮಾತ್ರ, ಮತ್ತೆ ಮತ್ತೆ ಜೇಬು ಮುಟ್ಟಿ ನೋಡಿಕೊಂಡ ಆ ಹುಡುಗನ ಕೈ ನೆನಪಾಗಿ ಗಂಟಲು ಕಟ್ಟುತ್ತದೆ.

ಕಳ್ಳನನ್ನು ಹಿಡಿದುದಕ್ಕೆ 1,000 ಮಾರ್ಕು ಬಹುಮಾನವೂ ಸಿಗುತ್ತದೆ. ಕೊನೆಗೆ ಅಜ್ಜಿಯ ತೀರ್ಪು: ಹಣವನ್ನು ಯಾವಾಗಲೂ ಅಂಚೆಯ ಮೂಲಕವೇ ಕಳುಹಿಸತಕ್ಕದ್ದು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಕ್ಕಳ ಮನಿಯಾರ್ಡರಿಗಾಗಿ ಅಂಚೆಯವನ ದಾರಿ ಕಾದ ಈ ಕರಾವಳಿಯ ಅಜ್ಜಿಯಂದಿರು ಅದನ್ನು ಕೇಳಿದ್ದರೆ, “ಮತ್ತೆಂಥದು, ಮೊದಲೇ ಹಾಗೆ ಮಾಡಬಹುದಿತ್ತಲ್ಲ?” ಎನ್ನುತ್ತಿದ್ದರೇನೋ.