ಒಂದಾಗಿ ಕೈ ಎತ್ತಿದ್ದ ಕಾಲ

2012ರ ಡಿಸೆಂಬರ್ 18ಕ್ಕೆ ಲೋಕಸಭೆ, ಮರುದಿನ ರಾಜ್ಯಸಭೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ತಿದ್ದುಪಡಿಗೆ ಒಪ್ಪಿಗೆ ಕೊಟ್ಟಾಗ ಸರ್ಕಾರಿ ಕಡತಗಳಲ್ಲಿ ನಮ್ಮ ಕಲಬುರಗಿ ಇನ್ನೂ ಗುಲ್ಬರ್ಗಾ. ಸುಸಲಾ-ಮಿರ್ಚಿ ಅಂಗಡಿಗಳ ಮುಂದೆ ಅವತ್ತು ಒಂದೇ ಮಾತು: "ಅಂತೂ ಆತು ನೋಡ್ರಿ."

ದೆಹಲಿಯಲ್ಲಿ ಕಾಂಗ್ರೆಸ್, ಬೆಂಗಳೂರಿನಲ್ಲಿ ಬಿಜೆಪಿ. ಇವತ್ತಾಗಿದ್ದರೆ ಆ ಕಡತ ಎರಡು ಊರುಗಳ ನಡುವೆ ಅಲೆದಾಡಿಯೇ ಸವೆಯುತ್ತಿತ್ತು. ಆಗ ಹಾಗಾಗಲಿಲ್ಲ. ಯಡಿಯೂರಪ್ಪನವರ ಸರ್ಕಾರವಿದ್ದ 2010ರ ಮಾರ್ಚ್‌ನಲ್ಲೇ ವಿಧಾನಸಭೆ, ಪರಿಷತ್ತು ಎರಡೂ ಬೆಂಬಲದ ನಿರ್ಣಯ ಮಾಡಿದ್ದವು. ಮಸೂದೆ ತಂದವರು ಪಕ್ಕದ ಸೊಲ್ಲಾಪುರದ ಸುಶೀಲ್‌ಕುಮಾರ್ ಶಿಂಧೆ. ಅದನ್ನು ಪರಿಶೀಲಿಸಿದ ಸ್ಥಾಯಿ ಸಮಿತಿಗೆ ಬಿಜೆಪಿಯ ವೆಂಕಯ್ಯ ನಾಯ್ಡು ಅಧ್ಯಕ್ಷರು. ಅಡ್ವಾಣಿ ಗೃಹಮಂತ್ರಿಯಾಗಿದ್ದಾಗ ಇದೇ ಬೇಡಿಕೆಯನ್ನು ತಳ್ಳಿಹಾಕಿದ್ದ ಪಕ್ಷವೂ ಕೊನೆಗೆ ಕೈ ಎತ್ತಿತು. ಬೀದಿಗಿಳಿದು ಹೋರಾಡಿದ ವೈಜನಾಥ ಪಾಟೀಲರು ಜನತಾ ಪರಿವಾರದವರು. ದೆಹಲಿಯಲ್ಲಿ ಬೆನ್ನು ಹತ್ತಿದವರು ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆ ಮತ್ತು ಧರಂಸಿಂಗ್.

ಕಮಲಾಪುರದಲ್ಲಿ, ಹುಮನಾಬಾದ್ ರಸ್ತೆಗೆ ಕೆಂಪು ಬಾಳೆಗೊನೆ ತೂಗುಹಾಕಿದ ಅಂಗಡಿಯ ಮಗ್ಗುಲಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ಆ ಕಾಲವನ್ನು ನೆನೆದು ಹೇಳಿದರು: "ಎಲೆಕ್ಷನ್‌ದಾಗ ಬೈದಾಡ್ತಿದ್ರು, ಖರೆ. ಮದಿವ್ಯಾಗ ಮಾತ್ರ ಎಲ್ಲಾ ಪಾರ್ಟಿಯವ್ರೂ ಒಂದೇ ಪಂಗ್ತಿಗೆ ಕುಂತು ಉಣ್ತಿದ್ರು. ಈಗ ಲಗ್ನಪತ್ರಿಕಿ ಕೊಡ್ಲಾಕೂ ಪಾರ್ಟಿ ನೋಡ್ತಾರ್ರಿ." ಆ ಊರು ತಾಲ್ಲೂಕಾಯಿತು; ಅದಕ್ಕೂ ಮೊದಲೇ, 2008ರ ಹೊತ್ತಿಗೆ, ಅದರ ಹೆಸರಿನ ವಿಧಾನಸಭಾ ಕ್ಷೇತ್ರ ಕಲಬುರಗಿ ಗ್ರಾಮೀಣದಲ್ಲಿ ಕರಗಿಹೋಗಿತ್ತು. ಕ್ಷೇತ್ರ ಹೋದದ್ದರ ಬಗ್ಗೆ ಆ ಹಿರಿಯರಿಗೆ ಅಷ್ಟೇನೂ ಬೇಜಾರಿದ್ದಂತೆ ಕಾಣಲಿಲ್ಲ. ಪಂಗ್ತಿ ಮುರಿದದ್ದೇ ಅವರ ಸಂಕಟ.

ಸದನದಲ್ಲೂ ಆ ಪಂಗ್ತಿ ಮುರಿದಿದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ನಡೆದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಬಿಜೆಪಿ ಶಾಸಕರು ಸಭಾಧ್ಯಕ್ಷರ ಪೀಠದತ್ತ ಹರಿದ ಕಾಗದ ತೂರಿದರು. ಅವರಲ್ಲಿ 18 ಮಂದಿಯನ್ನು ಆರು ತಿಂಗಳಿಗೆ ಅಮಾನತು ಮಾಡಲಾಯಿತು. ಅದೇ ಗದ್ದಲದಲ್ಲಿ ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಮಾತ್ರ ಚರ್ಚೆಯ ತಂಟೆಯಿಲ್ಲದೆ ಪಾಸಾಯಿತು. ಕಾಗದ ಹರಿಯಲು ಬಿಡುವಿದ್ದವರಿಗೆ ಅದನ್ನು ಓದಲು ಬಿಡುವಿರಲಿಲ್ಲವೇನೋ!

ನಮ್ಮ ಭಾಗದ ಹುಡುಗರು 371(ಜೆ) ಮೀಸಲಾತಿಯಲ್ಲಿ ಮೆಡಿಕಲ್ ಸೀಟು ಹಿಡಿಯುತ್ತಿದ್ದಾರೆ, ನೌಕರಿ ಸೇರುತ್ತಿದ್ದಾರೆ. ಅದು ಯಾರು ಕೊಟ್ಟದ್ದು ಎಂಬ ಜಗಳವಂತೂ ಪ್ರತಿ ಚುನಾವಣೆಯಲ್ಲೂ ಇದ್ದದ್ದೇ. ಧರಂಸಿಂಗ್ 2017ರಲ್ಲಿ ತೀರಿಕೊಂಡರು, ವೈಜನಾಥ ಪಾಟೀಲರು 2019ರಲ್ಲಿ. ಎದುರು ಪಕ್ಷದವರ ಮನೆಬಾಗಿಲಿಗೆ ಹೋಗಿ "ನಮ್ಮ ಭಾಗದ ಕೆಲಸ ಐತಿ, ಸಹಿ ಹಾಕ್ರಿ" ಅನ್ನಲು ಈಗ ಕಲಬುರಗಿಯಿಂದ ಯಾರನ್ನು ಕಳಿಸೋಣ ಎಂದು ಕೇಳಿದರೆ, ನನಗೆ ಒಂದು ಹೆಸರೂ ಹೊಳೆಯುವುದಿಲ್ಲ.